ಸಾಲ ಒಬ್ಬರದು, ಫೋನ್ ಮನೆಯವರಿಗೆ: ವಸೂಲಿ ಏಜೆಂಟರ ಕಾಟದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗನ ಕ್ರೆಡಿಟ್ ಕಾರ್ಡ್ ಬಾಕಿಗೆ ಹಾಸನದಲ್ಲಿರುವ ತಾಯಿಗೆ ಫೋನ್ ಬರುತ್ತದೆ. ಅಣ್ಣನ ಬೈಕ್ ಲೋನಿಗೆ ತಂಗಿಯ ಆಫೀಸಿನ ಲ್ಯಾಂಡ್‌ಲೈನ್ ರಿಂಗ್ ಆಗುತ್ತದೆ. ಈ ಪುಟ ಸಾಲ ಮಾಡಿದವರಿಗಿಂತ ಹೆಚ್ಚಾಗಿ ಅವರ ಮನೆಯವರಿಗಾಗಿ ಬರೆದದ್ದು. ಓದುವ ಮೊದಲು ಎರಡು ಸಂಗತಿ ತಿಳಿದುಕೊಂಡಿರಿ. ಆ ಸಾಲದ ಕಾಗದದಲ್ಲಿ ನಿಮ್ಮ ಸಹಿ ಇದೆಯೇ? ಸಾಲ ಕೊಟ್ಟವರು ಯಾರು: ಬ್ಯಾಂಕೋ, ಎನ್‌ಬಿಎಫ್‌ಸಿಯೋ (ಬ್ಯಾಂಕ್ ಅಲ್ಲದ ಸಾಲ ಕೊಡುವ ಕಂಪನಿ), ಮೈಕ್ರೋಫೈನಾನ್ಸೋ, ಬಡ್ಡಿ ವ್ಯವಹಾರದವರೋ, ಹೆಸರು-ವಿಳಾಸವಿಲ್ಲದ ಲೋನ್ ಆ್ಯಪೋ? ಯಾವ ಬಾಗಿಲು ತಟ್ಟಬೇಕು ಎನ್ನುವುದು ಈ ಎರಡರ ಮೇಲೆಯೇ ನಿಂತಿದೆ.

ಸಾಲ ಮಾಡಿದವನು ಮಗ. ನಾನು ಕಟ್ಟಬೇಕೇ?

ನೀವು ಸಹಿ ಹಾಕಿಲ್ಲದಿದ್ದರೆ ಇಲ್ಲ. ತಂದೆ, ತಾಯಿ, ಹೆಂಡತಿ, ಗಂಡ, ಅಣ್ಣ, ತಮ್ಮ ಎಂಬ ಸಂಬಂಧ ಮಾತ್ರದಿಂದ ಯಾರ ಸಾಲವೂ ನಿಮ್ಮ ತಲೆ ಮೇಲೆ ಬರುವುದಿಲ್ಲ. "ಮದುವೆ ಆಗಿದ್ದೀರಲ್ಲ, ಗಂಡನ ಸಾಲ ಅಂದ್ರೆ ನಿಮ್ಮದೂ ಹೌದು" ಎಂದು ಏಜೆಂಟ್ ಹೇಳಿದರೆ ಅದು ಸುಳ್ಳು. ಹಾಗೆ ಸುಳ್ಳು ಹೇಳಿ ವಸೂಲಿಗೆ ಇಳಿಯುವುದೇ ರಿಸರ್ವ್ ಬ್ಯಾಂಕಿನ ನಿಯಮದ ಉಲ್ಲಂಘನೆ.

ಹಾಗಾದರೆ ಮನೆಯವರ ಮೇಲೆ ನಿಜವಾಗಿ ಹೊಣೆ ಬರುವುದು ಯಾವಾಗ?

ಮುಖ್ಯವಾಗಿ ಮೂರು ಸಂದರ್ಭಗಳಲ್ಲಿ, ಮೂರರಲ್ಲೂ ನಿಮ್ಮ ಸಹಿ ಇರುತ್ತದೆ. ಒಂದು, ನೀವು ಸಹ-ಅರ್ಜಿದಾರರಾಗಿದ್ದರೆ. ಮಕ್ಕಳ ಎಜುಕೇಷನ್ ಲೋನಿನಲ್ಲಿ ತಂದೆ-ತಾಯಿ, ಗೃಹಸಾಲದಲ್ಲಿ ಗಂಡ-ಹೆಂಡತಿ ಸಾಮಾನ್ಯವಾಗಿ ಹೀಗೇ ಇರುತ್ತಾರೆ. ಎರಡು, ಜಾಮೀನು, ಅಂದರೆ ಶ್ಯೂರಿಟಿ ಹಾಕಿದ್ದರೆ. 1872ರ ಕರಾರು ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ ಒಪ್ಪಂದದಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ ಜಾಮೀನುದಾರನ ಹೊಣೆ ಸಾಲಗಾರನಷ್ಟೇ ಇರುತ್ತದೆ. "ಮೊದಲು ಅವನನ್ನು ಹಿಡಿಯಿರಿ, ಆಮೇಲೆ ನನ್ನ ಹತ್ತಿರ ಬನ್ನಿ" ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಮೂರು, ಆ ಸಾಲಕ್ಕೆ ನಿಮ್ಮ ಚೆಕ್ ಕೊಟ್ಟು ಅದು ಬೌನ್ಸ್ ಆಗಿದ್ದರೆ. ಜಂಟಿ ಖಾತೆಯ ಚೆಕ್ ಆದರೂ ಚೆಕ್ ಬೌನ್ಸ್ ಕೇಸು ಬೀಳುವುದು ಸಹಿ ಹಾಕಿದವರ ಮೇಲೆಯೇ.

ಕ್ರೆಡಿಟ್ ಕಾರ್ಡಿನಲ್ಲಿ ಆ್ಯಡ್-ಆನ್ ಕಾರ್ಡ್ ನಿಮ್ಮ ಹೆಸರಿನಲ್ಲಿದ್ದರೂ ಬಾಕಿಯ ಹೊಣೆ ಮೂಲ ಕಾರ್ಡುದಾರರದು. ಇದನ್ನು ಎಷ್ಟೋ ಹೆಂಡತಿಯರಿಗೆ ಉಲ್ಟಾ ಹೇಳಿ ಹೆದರಿಸುತ್ತಾರೆ.

ಅನುಮಾನವಿದ್ದರೆ ಊಹೆ ಮಾಡುತ್ತಾ ಕೂರಬೇಡಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಈ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ಕ್ರೆಡಿಟ್ ವರದಿಯನ್ನು ಉಚಿತವಾಗಿ ಕೊಡಬೇಕು. ನಿಮ್ಮ ಪ್ಯಾನ್ ನಂಬರಿನಲ್ಲಿ ತೆಗೆಸಿ ನೋಡಿ. ಆ ಸಾಲ ನಿಮ್ಮ ವರದಿಯಲ್ಲಿ ಸಹ-ಸಾಲಗಾರ ಅಥವಾ ಜಾಮೀನುದಾರ ಎಂದು ಕಾಣಿಸದಿದ್ದರೆ "ನಿಮ್ಮ ಸಿಬಿಲ್ ಹಾಳಾಗುತ್ತೆ" ಎಂಬ ಬೆದರಿಕೆಯಲ್ಲೂ ಹುರುಳಿಲ್ಲ.

ಅಪ್ಪ ತೀರಿಕೊಂಡರು. ಅವರ ಪರ್ಸನಲ್ ಲೋನ್ ಮಕ್ಕಳು ತೀರಿಸಬೇಕೇ?

ಅಪ್ಪ ಬಿಟ್ಟುಹೋದ ಆಸ್ತಿ ನಿಮ್ಮ ಕೈಗೆ ಬಂದಿದ್ದರೆ ಆ ಆಸ್ತಿಯ ಮೌಲ್ಯದ ಮಟ್ಟಿಗೆ ಮಾತ್ರ. ನಿಮ್ಮ ಸ್ವಂತ ಸಂಬಳ, ನೀವೇ ದುಡಿದು ಕೊಂಡ ಸೈಟು ಇದರಲ್ಲಿ ಬರುವುದಿಲ್ಲ. "ಅಪ್ಪನ ಸಾಲ ಮಗ ತೀರಿಸದಿದ್ದರೆ ಪಾಪ" ಎಂಬ ಹಳೆಯ ಧರ್ಮಶಾಸ್ತ್ರದ ಮಾತಿಗೆ ಒಂದು ಕಾಲದಲ್ಲಿ ಕೋರ್ಟಿನಲ್ಲೂ ಬೆಲೆ ಇತ್ತು. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಕಾಯ್ದೆ ಅದನ್ನು ತೆಗೆದುಹಾಕಿತು. ಆ ತಿದ್ದುಪಡಿ ಬಂದ ಮೇಲೆ ಮಾಡಿದ ಸಾಲಗಳಿಗೆ ಮಗ, ಮೊಮ್ಮಗ, ಮರಿಮಗನನ್ನು ಬರೀ ಆ ಕಾರಣಕ್ಕೆ ಹಿಡಿಯುವಂತಿಲ್ಲ.

ಮಾಡಬೇಕಾದ್ದು ಇಷ್ಟು: ಮರಣ ಪ್ರಮಾಣಪತ್ರದ ಪ್ರತಿಯೊಂದಿಗೆ ಸಾಲದ ಖಾತೆ ಸಂಖ್ಯೆ ಹಾಕಿ ಬ್ಯಾಂಕಿಗೆ ಪತ್ರ ಬರೆಯಿರಿ. ಅದರಲ್ಲೇ "ಈ ಸಾಲಕ್ಕೆ ವಿಮೆ ಮಾಡಿಸಲಾಗಿತ್ತೇ, ಪಾಲಿಸಿ ಪ್ರತಿ ಕೊಡಿ" ಎಂದು ಕೇಳಿ. ಸಾಲ ಕೊಡುವಾಗ ವಿಮೆಯ ಪ್ರೀಮಿಯಂ ಕಡಿದುಕೊಂಡಿರುವುದು ಎಷ್ಟೋ ಬಾರಿ ಮನೆಯವರಿಗೆ ಗೊತ್ತೇ ಇರುವುದಿಲ್ಲ. ವಸೂಲಿಗೆ ಬಂದ ಹುಡುಗ ಅದನ್ನು ನೆನಪು ಮಾಡಿಕೊಡುವುದೂ ಇಲ್ಲ.

ನನ್ನ ನಂಬರ್ ಅವರಿಗೆ ಸಿಕ್ಕಿದ್ದು ಹೇಗೆ? ರೆಫರೆನ್ಸ್ ಕೊಟ್ಟರೆ ಶ್ಯೂರಿಟಿ ಹಾಕಿದಂತೆಯೇ?

ಅಲ್ಲ. ಅರ್ಜಿಯಲ್ಲಿ "ಇಬ್ಬರು ಪರಿಚಿತರ ಹೆಸರು" ಎಂಬ ಕಾಲಂ ಇರುತ್ತದೆ. ಅಲ್ಲಿ ನಿಮ್ಮ ನಂಬರ್ ಬರೆದುಕೊಟ್ಟರೆ ನಿಮಗೆ ಸಾಲದ ಹೊಣೆ ಬರುವುದಿಲ್ಲ. ನೀವು ಒಪ್ಪಿದ್ದಿರೋ ಇಲ್ಲವೋ ಎಂಬುದೂ ಮುಖ್ಯವಲ್ಲ.

ಇನ್ನೊಂದು ದಾರಿ ಮೊಬೈಲ್ ಆ್ಯಪ್. ಇನ್‌ಸ್ಟಾಲ್ ಮಾಡುವಾಗ "ಅಲೋ" ಒತ್ತಿದರೆ ಫೋನ್‌ಬುಕ್ ಪೂರ್ತಿ ಅವರ ಸರ್ವರಿಗೆ ಹೋಗಿಬಿಡುತ್ತದೆ. ರಿಸರ್ವ್ ಬ್ಯಾಂಕಿನ ಡಿಜಿಟಲ್ ಸಾಲದ ನಿಯಮ (2022ರ ಸೆಪ್ಟೆಂಬರ್‌ನಲ್ಲಿ ಬಂದದ್ದು, 2025ರ ಮೇನಲ್ಲಿ ಹೊಸದಾಗಿ ಹೊರಟದ್ದು) ಇದನ್ನು ನಿಷೇಧಿಸಿದೆ. ಸಾಲದ ಆ್ಯಪ್ ನಿಮ್ಮ ಫೋಟೊ-ಫೈಲು, ಸಂಪರ್ಕಗಳ ಪಟ್ಟಿ, ಕಾಲ್ ಲಾಗ್ ಯಾವುದನ್ನೂ ಮುಟ್ಟುವಂತಿಲ್ಲ. ಕ್ಯಾಮೆರಾ, ಮೈಕ್, ಲೊಕೇಷನ್ ಮಾತ್ರ, ಅದೂ ಕೆವೈಸಿ (ಗುರುತು ಪರಿಶೀಲನೆ) ಕೆಲಸಕ್ಕೆ, ಒಮ್ಮೆ, ಸಾಲಗಾರರ ಒಪ್ಪಿಗೆ ಪಡೆದು. ಹಾಗಾಗಿ ರೆಫರೆನ್ಸ್ ಕಾಲಂನಲ್ಲಿ ಇಲ್ಲದ ಚಿಕ್ಕಮ್ಮನಿಗೂ ಹಳೆಯ ಮನೆ ಓನರಿಗೂ ಫೋನ್ ಹೋಗುತ್ತಿದ್ದರೆ ಫೋನ್‌ಬುಕ್ ಕದ್ದಿದ್ದಾರೆ ಎಂದೇ ಅನುಮಾನಿಸಬೇಕು. ಯಾರು ಯಾರಿಗೆ ಕರೆ ಹೋಗಿದೆ ಎಂಬ ಪಟ್ಟಿ ಮಾಡಿಡಿ, ದೂರಿನಲ್ಲಿ ಅದಕ್ಕೆ ತೂಕ ಹೆಚ್ಚು.

ಮನೆಯವರಿಗೆ ಒಂದೇ ಒಂದು ಫೋನ್ ಮಾಡಿದರೂ ತಪ್ಪೇ?

2022ರ ಆಗಸ್ಟ್ 12ರ ಸುತ್ತೋಲೆಯಲ್ಲಿ ರಿಸರ್ವ್ ಬ್ಯಾಂಕ್ ಹೇಳಿದ್ದು ಹೀಗೆ: ವಸೂಲಿಗಾಗಿ ಯಾರನ್ನೂ ಮಾತಿನಿಂದಾಗಲಿ ಕೈಯಿಂದಾಗಲಿ ಬೆದರಿಸುವಂತಿಲ್ಲ; ಸಾರ್ವಜನಿಕವಾಗಿ ಅವಮಾನ ಮಾಡುವಂತಿಲ್ಲ; ಸಾಲಗಾರರ ಕುಟುಂಬದವರು, ರೆಫರೆನ್ಸ್ ಕೊಟ್ಟವರು, ಸ್ನೇಹಿತರು ಇವರ ಖಾಸಗಿತನದಲ್ಲಿ ಮೂಗು ತೂರಿಸುವಂತಿಲ್ಲ; ಅಸಭ್ಯ ಮೆಸೇಜು, ಹೆಸರು ಹೇಳದ ಕರೆ, ಸುಳ್ಳು ಮಾಹಿತಿ ಕೂಡದು. ಬ್ಯಾಂಕ್ ಸಿಬ್ಬಂದಿಗೂ ಅವರು ನೇಮಿಸಿದ ಏಜೆನ್ಸಿಗೂ ಇದು ಅನ್ವಯ. "ಅದು ಏಜೆನ್ಸಿಯವರು ಮಾಡಿದ್ದು, ನಮಗೆ ಸಂಬಂಧವಿಲ್ಲ" ಎಂದು ಬ್ಯಾಂಕ್ ಜಾರಿಕೊಳ್ಳುವಂತಿಲ್ಲ.

ಇಲ್ಲಿ ಕರೆಗಳ ಲೆಕ್ಕ ಹಾಕಿಲ್ಲ ಎಂಬುದನ್ನು ಗಮನಿಸಿ. "ಅವರು ಸಿಗುತ್ತಾರಾ?" ಎಂದು ಒಮ್ಮೆ ಸಭ್ಯವಾಗಿ ಕೇಳಿ ಫೋನ್ ಇಟ್ಟದ್ದನ್ನೇ ದೊಡ್ಡ ದೂರು ಮಾಡಿದರೆ ನಿಲ್ಲುವುದು ಕಷ್ಟ. ಆದರೆ ಬಾಕಿ ಎಷ್ಟು, ಎಷ್ಟು ಕಂತು ತಪ್ಪಿದೆ ಎಂದು ನಿಮಗೆ ಹೇಳಿದರೆ, ನೀವೇ ಕಟ್ಟಿ ಎಂದರೆ, ಬೇಡವೆಂದ ಮೇಲೂ ಕರೆ ಮಾಡುತ್ತಿದ್ದರೆ ದೂರಿಗೆ ಗಟ್ಟಿ ನೆಲೆ ಸಿಗುತ್ತದೆ.

ಯಾವ ಹೊತ್ತಿನಲ್ಲಿ ಕರೆ ಮಾಡಬಹುದು?

ಸಾಲಗಾರರಿಗೇ ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ವಸೂಲಿ ಕರೆ ಮಾಡುವಂತಿಲ್ಲ. ಮೈಕ್ರೋಫೈನಾನ್ಸ್ ಸಾಲವಾದರೆ ಬೆಳಿಗ್ಗೆ 9ರಿಂದ ಸಂಜೆ 6ರವರೆಗೆ ಮಾತ್ರ.

ಫೋನ್ ಬಂದಾಗ ಏನು ಮಾತಾಡಬೇಕು?

ಮನೆಯವರು ಹೆಚ್ಚು ಎಡವುವುದು ಇಲ್ಲೇ. ಕರೆ ಸಾಮಾನ್ಯವಾಗಿ ಹೀಗೆ ಶುರುವಾಗುತ್ತದೆ: "ನೋಡಮ್ಮಾ, ನಿಮ್ಮ ಮಗ ಫೋನ್ ಎತ್ತಾ ಇಲ್ಲ. ಸಾಯಂಕಾಲದೊಳಗೆ ಕಟ್ಟಿಸ್ತೀರೋ, ಇಲ್ಲಾ ಮನೆ ಹತ್ರ ಹುಡುಗ್ರನ್ನ ಕಳಿಸ್ಲೋ?" ಗಾಬರಿಯಲ್ಲಿ ತಾಯಿ ಹೇಳುತ್ತಾರೆ: "ಬೇಡಪ್ಪಾ, ನಾಳೆ ಕಟ್ಟಿಸ್ತೀನಿ."

ಆ ಒಂದು ವಾಕ್ಯ ಅವರ ಕಂಪ್ಯೂಟರಿನಲ್ಲಿ "ಪಿಟಿಪಿ" ಎಂದು ದಾಖಲಾಗುತ್ತದೆ, ಅಂದರೆ ಕಟ್ಟುವುದಾಗಿ ಕೊಟ್ಟ ಮಾತು, ದಿನಾಂಕ ಸಮೇತ. ಈ ನಂಬರ್‌ಗೆ ಒತ್ತಡ ಹಾಕಿದರೆ ದುಡ್ಡು ಬರುತ್ತದೆ ಎಂದು ಅವರು ಲೆಕ್ಕ ಹಾಕುತ್ತಾರೆ. ಮಾರನೆಯ ದಿನದಿಂದ ಕರೆ ಮಗನಿಗಿಂತ ತಾಯಿಗೇ ಜಾಸ್ತಿ. ಮಗ ಎಲ್ಲಿದ್ದಾನೆ, ಸಂಬಳ ಯಾವತ್ತು ಬರುತ್ತದೆ, ಯಾವ ಕಂಪನಿ ಎಂದು ಹೇಳಿಬಿಟ್ಟರೂ ಅದೇ ಕಥೆ.

ಬದಲಿಗೆ ನಾಲ್ಕೇ ಮಾತು ಸಾಕು. "ನಿಮ್ಮ ಹೆಸರು, ಏಜೆನ್ಸಿ ಹೆಸರು, ಯಾವ ಬ್ಯಾಂಕಿನ ಪರವಾಗಿ ಮಾಡ್ತಿದೀರಿ ಹೇಳಿ. ನಾನು ಸಾಲಗಾರಳೂ ಅಲ್ಲ, ಜಾಮೀನುದಾರಳೂ ಅಲ್ಲ. ಈ ನಂಬರಿಗೆ ಇನ್ನು ಕರೆ ಮಾಡಬೇಡಿ. ಈ ಕಾಲ್ ರೆಕಾರ್ಡ್ ಆಗ್ತಿದೆ." ಇಷ್ಟು ಹೇಳಿ ಇಟ್ಟುಬಿಡಿ. ವಾದ ಬೇಡ, ಬೈಯುವುದಂತೂ ಬೇಡವೇ ಬೇಡ. ಬೈದರೆ ಅವರ ಬಳಿಯೂ ರೆಕಾರ್ಡಿಂಗ್ ಇರುತ್ತದೆ, ನಿಮ್ಮ ಮಾತನ್ನೇ ನಿಮ್ಮ ವಿರುದ್ಧ ಬಳಸುತ್ತಾರೆ.

ವಯಸ್ಸಾದವರಿದ್ದರೆ ಈ ನಾಲ್ಕು ವಾಕ್ಯಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಫೋನ್ ಚಾರ್ಜ್ ಹಾಕುವ ಜಾಗದಲ್ಲಿ ಅಂಟಿಸಿಡಿ.

ನಂಬರ್ ಬ್ಲಾಕ್ ಮಾಡಿದರೆ ಆಯಿತಲ್ಲ?

ಒಂದು ಮಾಡಿದರೆ ಇನ್ನೊಂದರಿಂದ ಬರುತ್ತದೆ, ದಿನಕ್ಕೊಂದು ನಂಬರ್ ಬದಲಾಯಿಸುವುದು ಅವರಿಗೆ ಮಾಮೂಲು. ಮೊದಲ ಮೂರು-ನಾಲ್ಕು ದಿನ ಬ್ಲಾಕ್ ಮಾಡದೆ ಸಾಕ್ಷ್ಯ ಕೂಡಿಡಿ, ದೂರು ಕಳಿಸಿದ ಮೇಲೆ ಬ್ಲಾಕ್ ಮಾಡಿ. ಸಾಲಗಾರರು ಮಾತ್ರ ಬ್ಯಾಂಕಿನೊಂದಿಗೆ ಮಾತು ಪೂರ್ತಿ ಕಡಿದುಕೊಳ್ಳಬಾರದು. ಎಷ್ಟೋ ಪ್ರಕರಣಗಳಲ್ಲಿ ಮನೆಯವರ ಕಡೆಗೆ ತಿರುಗಲು ಕಾರಣವೇ ಸಾಲಗಾರರ ಫೋನ್ ಸ್ವಿಚ್ ಆಫ್ ಆಗಿರುವುದು. "ಇ-ಮೇಲ್ ಮೂಲಕ ಮಾತ್ರ ಸಂಪರ್ಕಿಸಿ, ಉತ್ತರ ಕೊಡುತ್ತೇನೆ" ಎಂದು ಸಾಲಗಾರರು ಬರೆದು, ಹಾಗೇ ಉತ್ತರಿಸುತ್ತಾ ಹೋದರೆ "ಸಿಗದೇ ಇದ್ದುದಕ್ಕೆ ಮನೆಯವರಿಗೆ ಮಾಡಿದೆವು" ಎಂಬ ನೆಪ ಬ್ಯಾಂಕಿಗೆ ಉಳಿಯುವುದಿಲ್ಲ.

ಮನೆ ಬಾಗಿಲಿಗೆ ಬಂದರೆ?

ಬಾಗಿಲು ತೆರೆಯಲೇಬೇಕು ಎಂದಿಲ್ಲ. ಗ್ರಿಲ್ ಹಿಂದಿನಿಂದಲೇ ಮಾತಾಡಿ. ಮೂರು ಕಾಗದ ಕೇಳಿ: ಗುರುತಿನ ಚೀಟಿ, ಬ್ಯಾಂಕ್ ಕೊಟ್ಟ ಅಧಿಕಾರ ಪತ್ರ, ಈ ಖಾತೆಯನ್ನು ಆ ಏಜೆನ್ಸಿಗೆ ಒಪ್ಪಿಸಿದ್ದೇವೆ ಎಂದು ಸಾಲಗಾರರಿಗೆ ಕಳಿಸಿದ ನೋಟಿಸಿನ ಪ್ರತಿ. ಬ್ಯಾಂಕುಗಳ ಏಜೆಂಟರು ಇವನ್ನು ಜೊತೆಗಿಟ್ಟುಕೊಂಡಿರಬೇಕು ಎಂಬುದು 2008ರಿಂದಲೂ ಇರುವ ನಿಯಮ. ಡಿಜಿಟಲ್ ಸಾಲದಲ್ಲಾದರೆ ಏಜೆಂಟ್ ಸಂಪರ್ಕಿಸುವ ಮುಂಚೆಯೇ ಅವರ ವಿವರ ಸಾಲಗಾರರಿಗೆ ಇ-ಮೇಲ್ ಅಥವಾ ಎಸ್‌ಎಂಎಸ್‌ನಲ್ಲಿ ಬಂದಿರಬೇಕು. ಕಾಗದಗಳ ಫೋಟೊ ತೆಗೆದುಕೊಳ್ಳಿ. ಕೊಡದಿದ್ದರೆ ಅದನ್ನೂ ದೂರಿನಲ್ಲಿ ಬರೆಯಿರಿ.

ಅಪಾರ್ಟ್‌ಮೆಂಟಿನಲ್ಲಿ ಒಂದು ವಿಶೇಷ ತೊಂದರೆ ಇದೆ. ಗೇಟಿನಲ್ಲಿ "ಕೊರಿಯರ್" ಎಂದೋ "ಬ್ಯಾಂಕ್ ವೆರಿಫಿಕೇಷನ್" ಎಂದೋ ಹೇಳಿ ಒಳಗೆ ಬರುತ್ತಾರೆ, ಇಲ್ಲವೇ ಸೆಕ್ಯೂರಿಟಿಯವರ ಎದುರೇ ಫ್ಲ್ಯಾಟ್ ನಂಬರ್, ಬಾಕಿ ಮೊತ್ತ ಎಲ್ಲ ಕೂಗಿ ಹೇಳುತ್ತಾರೆ. ನಾಲ್ಕು ಜನರೆದುರು ಹೀಗೆ ಮಾಡುವುದು ಸಾರ್ವಜನಿಕ ಅವಮಾನ. ಗೇಟಿನ ವಿಸಿಟರ್ ಪುಸ್ತಕದ ಪುಟ, ಸೆಕ್ಯೂರಿಟಿ ಆ್ಯಪಿನ ನಮೂದು, ಸಿಸಿಟಿವಿ ದೃಶ್ಯ ಇವೆಲ್ಲ ಸಾಕ್ಷ್ಯ. ಸಿಸಿಟಿವಿ ರೆಕಾರ್ಡಿಂಗ್ ಕೆಲವೇ ದಿನಗಳಲ್ಲಿ ತಾನಾಗಿ ಅಳಿಸಿಹೋಗುವುದರಿಂದ ಅಸೋಸಿಯೇಷನ್‌ಗೆ ಅವತ್ತೇ ಲಿಖಿತ ಮನವಿ ಕೊಟ್ಟು ತೆಗೆಸಿಡಿ.

ಟಿವಿ, ಫ್ರಿಜ್, ಒಡವೆ ಮುಟ್ಟುವ ಅಧಿಕಾರ ಏಜೆಂಟಿಗೆ ಇಲ್ಲ. ವಸ್ತು ಜಪ್ತಿಗೆ ಕೋರ್ಟಿನ ಡಿಕ್ರಿ ಬೇಕು, ಜಪ್ತಿ ಮಾಡುವುದೂ ಕೋರ್ಟಿನ ಅಮೀನರು. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಸೆಕ್ಷನ್ ಅಡುಗೆ ಪಾತ್ರೆ, ಹಾಸಿಗೆ, ಉಡುವ ಬಟ್ಟೆ, ಧಾರ್ಮಿಕ ಪದ್ಧತಿಯಂತೆ ಹೆಣ್ಣುಮಕ್ಕಳು ತೆಗೆಯಬಾರದ ಆಭರಣ ಇವನ್ನು ಕೋರ್ಟಿನ ಜಪ್ತಿಯಿಂದಲೇ ಹೊರಗಿಟ್ಟಿದೆ. ಹಾಗಿರುವಾಗ "ತಾಳಿ ಅಡ ಇಡಿ" ಎನ್ನುವವನ ಮಾತನ್ನು ಪದಶಃ ಬರೆದಿಡಿ. ಲೋನಿನ ಮೇಲೆ ಕೊಂಡ ಗಾಡಿಯ ವಿಷಯ ಬೇರೆ. ಅದು ಸಾಲಕ್ಕೆ ಒತ್ತೆಯಾಗಿರುವುದರಿಂದ ಒಪ್ಪಂದದಂತೆ ನೋಟಿಸ್ ಕೊಟ್ಟು ತೆಗೆದುಕೊಂಡು ಹೋಗಬಹುದು. ಅಲ್ಲೂ ಬಲಪ್ರಯೋಗ ಕೂಡದು. ಗೂಂಡಾಗಳನ್ನು ಬಿಟ್ಟು ವಸೂಲಿ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2007ರಲ್ಲೇ ಹೇಳಿದೆ.

ಹೋಗಿ ಎಂದ ಮೇಲೂ ಹೋಗದಿದ್ದರೆ, ಬಾಗಿಲು ಬಡಿದರೆ 112ಕ್ಕೆ ಕರೆ ಮಾಡಿ.

ಯಾವ್ಯಾವ ಸಾಕ್ಷ್ಯ ಇಟ್ಟುಕೊಳ್ಳಬೇಕು?

ಒಂದು ನೋಟ್‌ಬುಕ್ ಸಾಕು. ದಿನಾಂಕ, ಗಂಟೆ-ನಿಮಿಷ, ಬಂದ ನಂಬರ್, ಯಾರಿಗೆ ಬಂತು, ಏನೆಂದರು. ಉದಾಹರಣೆಗೆ: "ಸೋಮವಾರ, ಸಂಜೆ 7.40, ಅಮ್ಮನ ಫೋನ್, ಹೆಸರು ಹೇಳಲಿಲ್ಲ, ‘ಊರಲ್ಲಿ ತಲೆ ಎತ್ತದಂಗೆ ಮಾಡ್ತೀವಿ’ ಅಂದರು." ಜೊತೆಗೆ ಕಾಲ್ ಲಾಗಿನ ಸ್ಕ್ರೀನ್‌ಶಾಟ್, ನಂಬರ್ ಮತ್ತು ಸಮಯ ಎರಡೂ ಕಾಣುವಂತೆ. ವಾಟ್ಸ್‌ಆ್ಯಪ್ ಆದರೆ ಚಾಟನ್ನು ಎಕ್ಸ್‌ಪೋರ್ಟ್ ಮಾಡಿ ನಿಮಗೇ ಇ-ಮೇಲ್ ಕಳಿಸಿಕೊಳ್ಳಿ, ಆ ಕಡೆಯವರು "ಡಿಲೀಟ್ ಫಾರ್ ಎವೆರಿವನ್" ಒತ್ತುವ ಮೊದಲು.

ರೆಕಾರ್ಡಿಂಗ್ ಇದ್ದ ಮೂಲ ಫೋನನ್ನು ಎಕ್ಸ್‌ಚೇಂಜಿಗೆ ಹಾಕಬೇಡಿ. ಕೇಸು ಕೋರ್ಟಿಗೆ ಹೋದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಡಿಜಿಟಲ್ ದಾಖಲೆಗೆ ಪ್ರಮಾಣಪತ್ರ ಬೇಕಾಗುತ್ತದೆ, ಆಗ ಮೂಲ ಫೋನ್ ಕೈಯಲ್ಲಿದ್ದರೆ ಕೆಲಸ ಸುಲಭ.

ಮೊದಲ ದೂರು ಎಲ್ಲಿಗೆ?

ಬ್ಯಾಂಕ್ ಅಥವಾ ಎನ್‌ಬಿಎಫ್‌ಸಿಯ ಕುಂದುಕೊರತೆ ಅಧಿಕಾರಿಗೆ, ಇ-ಮೇಲ್‌ನಲ್ಲಿ. ಹೆಸರು-ವಿಳಾಸ ಅವರ ವೆಬ್‌ಸೈಟಿನಲ್ಲಿ ಇರಲೇಬೇಕು. ಕಸ್ಟಮರ್ ಕೇರಿಗೆ ಫೋನ್ ಮಾಡಿ ಬಾಯಲ್ಲಿ ಹೇಳಿದ ದೂರು ಆಮೇಲೆ ಲೆಕ್ಕಕ್ಕೆ ಸಿಗುವುದಿಲ್ಲ. ಮುಂದಿನ ಹಂತದಲ್ಲಿ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಅಧಿಕಾರಿ, ಅಂದರೆ ಒಂಬುಡ್ಸ್‌ಮನ್, ಕೇಳುವುದು "ಸಂಸ್ಥೆಗೆ ಯಾವ ದಿನ ಬರೆದಿರಿ, ಪ್ರತಿ ಎಲ್ಲಿ" ಎಂದು. ಸಾಲಗಾರರ ಇ-ಮೇಲ್‌ನಿಂದಲೇ ಹೋಗಲಿ, ಮನೆಯವರಿಗೆ ಸಿಸಿ ಇರಲಿ. ಒಕ್ಕಣೆ ಹೀಗಿದ್ದರೆ ಸಾಕು:

"ಸಾಲ ಖಾತೆ ಸಂಖ್ಯೆ ಇಂಥದ್ದು. ಈ ಸಾಲಕ್ಕೆ ನನ್ನ ತಾಯಿ ಸಹ-ಸಾಲಗಾರರೂ ಅಲ್ಲ, ಜಾಮೀನುದಾರರೂ ಅಲ್ಲ. ಆದರೂ ನಿಮ್ಮ ಪರವಾಗಿ ಲಗತ್ತಿಸಿದ ಪಟ್ಟಿಯಲ್ಲಿರುವ ನಂಬರುಗಳಿಂದ, ಪಟ್ಟಿಯಲ್ಲಿರುವ ದಿನ-ಸಮಯಗಳಲ್ಲಿ ಅವರಿಗೆ ಕರೆ ಬಂದಿವೆ. ಇದು ಸಾಲ ವಸೂಲಿಯ ಬಗೆಗಿನ ರಿಸರ್ವ್ ಬ್ಯಾಂಕಿನ ನಿಯಮಗಳಿಗೆ ವಿರುದ್ಧ. 1) ಅವರ ನಂಬರನ್ನು ನಿಮ್ಮ ಹಾಗೂ ಏಜೆನ್ಸಿಯ ದಾಖಲೆಯಿಂದ ತೆಗೆದುಹಾಕಿ. 2) ಈ ಖಾತೆಯನ್ನು ಒಪ್ಪಿಸಿರುವ ಏಜೆನ್ಸಿಯ ಹೆಸರು, ವಿಳಾಸ, ಏಜೆಂಟರ ಹೆಸರು ಕೊಡಿ. 3) ಆ ಕರೆಗಳ ರೆಕಾರ್ಡಿಂಗ್ ಉಳಿಸಿಡಿ. 4) ನನ್ನನ್ನು ಈ ಇ-ಮೇಲ್ ಮೂಲಕ ಸಂಪರ್ಕಿಸಿ."

ಸಾಲ ಯಾಕೆ ಕಟ್ಟಲಾಗಲಿಲ್ಲ, ಕೆಲಸ ಹೋದದ್ದು, ಆಸ್ಪತ್ರೆ ಖರ್ಚು ಇವೆಲ್ಲ ಈ ಪತ್ರದಲ್ಲಿ ಬೇಡ. ಕಂತು ಮರುಹೊಂದಿಕೆ ಕೇಳುವುದಿದ್ದರೆ ಬೇರೆ ಪತ್ರ ಬರೆಯಿರಿ. ಎರಡನ್ನೂ ಒಂದರಲ್ಲಿ ಬೆರೆಸಿದರೆ ಬ್ಯಾಂಕ್ ಬಾಕಿಯ ಬಗ್ಗೆ ಮಾತ್ರ ಉತ್ತರ ಕೊಟ್ಟು ಕಿರುಕುಳದ ವಿಷಯ ನುಂಗಿಹಾಕುತ್ತದೆ.

ದೂರು ಇತ್ಯರ್ಥವಾಗುವ ತನಕ ಬ್ಯಾಂಕುಗಳು ಆ ಖಾತೆಯನ್ನು ವಸೂಲಿ ಏಜೆನ್ಸಿಗೆ ಒಪ್ಪಿಸಬಾರದು ಎಂದೂ 2008ರ ನಿಯಮದಲ್ಲಿದೆ. ಅದಕ್ಕೊಂದು ವಿನಾಯಿತಿ ಇದೆ: ಸುಮ್ಮನೆ ಕಾಲಹರಣಕ್ಕೆ ಪದೇ ಪದೇ ದೂರು ಹಾಕುತ್ತಿದ್ದಾರೆ ಎಂದು ಬ್ಯಾಂಕಿಗೆ ಪುರಾವೆ ಸಿಕ್ಕರೆ ಮುಂದುವರಿಯಬಹುದು.

30 ದಿನ ಕಾದರೂ ಉತ್ತರವಿಲ್ಲ, ಅಥವಾ "ಏಜೆನ್ಸಿಗೆ ತಿಳಿಸಿದ್ದೇವೆ" ಎಂಬ ಒಂದು ಸಾಲು ಬಂತು. ಮುಂದೆ?

ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್. ಶುಲ್ಕವಿಲ್ಲ. ರಿಸರ್ವ್ ಬ್ಯಾಂಕಿನ ಸಿಎಂಎಸ್ (ದೂರು ನಿರ್ವಹಣಾ) ಪೋರ್ಟಲಿನಲ್ಲಿ ಮೊಬೈಲಿಗೆ ಬರುವ ಒಟಿಪಿ ಹಾಕಿ ದೂರು ದಾಖಲಿಸಬಹುದು. ಕಾಗದದಲ್ಲಿ ಕಳಿಸುವುದಾದರೆ ವಿಳಾಸ ಚಂಡೀಗಢದ ಸೆಕ್ಟರ್ 17, ಪಿನ್ 160017ರಲ್ಲಿರುವ ರಿಸರ್ವ್ ಬ್ಯಾಂಕಿನ ದೂರು ಸ್ವೀಕೃತಿ ಕೇಂದ್ರ. ಬೆಂಗಳೂರಿನವರು ನೃಪತುಂಗ ರಸ್ತೆಯ ಕಚೇರಿಗೆ ಹೋಗಿ ಕ್ಯೂ ನಿಲ್ಲುವ ಅಗತ್ಯವಿಲ್ಲ. ಮಾಹಿತಿಗೆ 14448.

ತಿರಸ್ಕೃತವಾಗುವ ದೂರುಗಳಲ್ಲಿ ಸಾಮಾನ್ಯವಾಗಿ ಕಾಣುವ ತಪ್ಪುಗಳು ಇವು: ಬ್ಯಾಂಕಿಗೆ ಬರೆಯದೆ ನೇರ ಇಲ್ಲಿಗೆ ಬಂದದ್ದು, 30 ದಿನ ತುಂಬುವ ಮೊದಲೇ ಹಾಕಿದ್ದು, ವಕೀಲರ ಮೂಲಕ ಕಳಿಸಿದ್ದು, ಅದೇ ವಿಷಯ ಆಗಲೇ ಕೋರ್ಟಿನಲ್ಲಿರುವುದು. ದೂರು ಸಾಲಗಾರರ ಹೆಸರಿನಲ್ಲಿರಲಿ, ಏಕೆಂದರೆ ಬ್ಯಾಂಕಿನ ಗ್ರಾಹಕರು ಅವರು. ಅವರ ಲಿಖಿತ ಅಧಿಕಾರ ಪತ್ರವಿದ್ದರೆ ಮನೆಯವರು ಪ್ರತಿನಿಧಿಯಾಗಿ ಹಾಕಬಹುದು.

ಪೊಲೀಸ್ ಠಾಣೆಯಲ್ಲಿ "ಇದು ಸಿವಿಲ್ ಮ್ಯಾಟರ್" ಎಂದು ಕಳಿಸಿಬಿಟ್ಟರು.

ದೂರಿನ ಮೊದಲ ಸಾಲಿನಲ್ಲೇ "ನನ್ನ ಮಗ 3 ಲಕ್ಷ ಲೋನ್ ತಗೊಂಡಿದ್ದ" ಎಂದಿದ್ದರೆ ಪೊಲೀಸರು ಹಾಗೇ ಓದುತ್ತಾರೆ. "ಇಂಥ ದಿನ, ಇಷ್ಟು ಗಂಟೆಗೆ, ಇಬ್ಬರು ಅಪರಿಚಿತರು ನನ್ನ ಮನೆಯೊಳಗೆ ನುಗ್ಗಿ ಹೀಗೆ ಬೆದರಿಸಿದರು" ಎಂದು ಶುರು ಮಾಡಿ. ಸಾಲದ ಪ್ರಸ್ತಾಪ ಮೂರನೇ ಪ್ಯಾರಾದಲ್ಲಿ ಬಂದರೆ ಸಾಕು. ಎರಡು ಪ್ರತಿ ಒಯ್ದು ಒಂದಕ್ಕೆ ಸೀಲು, ಸಹಿ ಹಾಕಿಸಿಕೊಳ್ಳಿ.

ಇನ್ನೊಂದು ವಿಷಯ ತಿಳಿದಿರಲಿ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಬರೀ ಬೆದರಿಕೆ (ಸೆಕ್ಷನ್ 351), ಬರೀ ಬೈಗುಳ (352) ಎಂದರೆ ಪೊಲೀಸರು ಎನ್‌ಸಿಆರ್ (ಎಫ್‌ಐಆರ್ ಹಾಕದೆ ದೂರು ದಾಖಲಿಸಿಕೊಂಡ ರಸೀದಿ) ಕೊಟ್ಟು ಮ್ಯಾಜಿಸ್ಟ್ರೇಟರ ಅನುಮತಿಯ ಕಡೆ ಬೆರಳು ತೋರಿಸಬಹುದು, ಅದು ನಿಯಮದಂತೆಯೇ ಇದೆ. ಆದರೆ ಮನೆಗೆ ಅತಿಕ್ರಮ ಪ್ರವೇಶ (329), ದಾರಿ ಅಡ್ಡಗಟ್ಟುವುದು (126), ಹೆಣ್ಣುಮಕ್ಕಳ ಮಾನಕ್ಕೆ ಕುಂದು ತರುವ ಮಾತು (79), ಹೆದರಿಸಿ ಹಣ ಸುಲಿಯುವುದು (308) ಇವುಗಳಲ್ಲಿ ಎಫ್‌ಐಆರ್ ಹಾಕಬೇಕು. ಏನು ನಡೆಯಿತು ಎಂಬುದನ್ನು ಬಿಡಿಬಿಡಿಯಾಗಿ ಬರೆಯದೆ "ಕಿರುಕುಳ ಕೊಟ್ಟರು" ಎಂದಷ್ಟೇ ಬರೆದರೆ ಇವು ಮುಚ್ಚಿಹೋಗುತ್ತವೆ.

ಯಾವ ಠಾಣೆಯ ವ್ಯಾಪ್ತಿ ಎಂಬ ತಕರಾರು ಬಂದರೆ ಯಾವ ಠಾಣೆಯಲ್ಲಾದರೂ ಹಾಕಬಹುದಾದ ಜೀರೋ ಎಫ್‌ಐಆರ್ ಕೇಳಿ. ದೂರನ್ನೇ ತೆಗೆದುಕೊಳ್ಳದಿದ್ದರೆ ಅದರ ಸಾರಾಂಶವನ್ನು ಸ್ಪೀಡ್ ಪೋಸ್ಟಿನಲ್ಲಿ ನಿಮ್ಮ ವಿಭಾಗದ ಡಿಸಿಪಿಗೆ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟ್. ವಕೀಲರಿಗೆ ಕೊಡಲು ದುಡ್ಡಿಲ್ಲದವರು 15100ಕ್ಕೆ ಕರೆ ಮಾಡಿ. ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಆದಾಯದ ಮಿತಿ ನೋಡದೆ ಉಚಿತ ನೆರವು ಸಿಗುತ್ತದೆ. ರಾಜ್ಯ ಪ್ರಾಧಿಕಾರದ ಕಚೇರಿ ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿದೆ.

ಲೋನ್ ಆ್ಯಪಿನವರು ತಂಗಿಯ ಫೋಟೊ ತಿದ್ದಿ ನೆಂಟರಿಗೆಲ್ಲ ಕಳಿಸುತ್ತಿದ್ದಾರೆ.

ಇದು ಸಾಲದ ವಿಷಯವೇ ಅಲ್ಲ, ಸುಲಿಗೆ. ಒಂಬುಡ್ಸ್‌ಮನ್, 30 ದಿನ ಎಂದು ಕಾಯಬೇಡಿ. 1930ಕ್ಕೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ದೂರು ಹಾಕಿ, ಅದರ ಸಂಖ್ಯೆ ಹಿಡಿದು ನಿಮ್ಮ ವಿಭಾಗದ ಸಿಇಎನ್ (ಸೈಬರ್ ಅಪರಾಧದ) ಠಾಣೆಗೆ ಹೋಗಿ. ಒಂದು ರೂಪಾಯಿಯನ್ನೂ ಕಟ್ಟಬೇಡಿ. ಕಟ್ಟಿದ ಮಾರನೆಯ ದಿನವೇ ಇನ್ನೊಂದು ಆ್ಯಪಿನ ಹೆಸರಲ್ಲಿ ಮತ್ತೆ ಕೇಳುತ್ತಾರೆ. ಹಣ ಕೇಳಿದ ಯುಪಿಐ ಐಡಿ, ಕ್ಯೂಆರ್ ಕೋಡ್, ಫೋಟೊ ಬಂದ ನಂಬರ್ ಇವುಗಳ ಸ್ಕ್ರೀನ್‌ಶಾಟ್ ತೆಗೆದ ಮೇಲೆಯೇ ಆ್ಯಪ್ ತೆಗೆದುಹಾಕಿ.

ನೆಂಟರಿಗೆ ಮೊದಲು ನೀವೇ ಒಂದು ಸಾಲು ಕಳಿಸಿಬಿಡಿ: "ಫೋನ್ ಡೇಟಾ ಕಳವಾಗಿದೆ, ಸುಳ್ಳು ಫೋಟೊ ಬರಬಹುದು, ತೆರೆಯದೆ ಸ್ಕ್ರೀನ್‌ಶಾಟ್ ಕಳಿಸಿ." ಅವರ ಆಯುಧ ನಾಚಿಕೆ, ಈ ಮೆಸೇಜ್ ಹೋದ ಮೇಲೆ ಅದರ ಮೊನೆ ಮುರಿಯುತ್ತದೆ. ಆ್ಯಪ್ ಅಸಲಿಯೋ ನಕಲಿಯೋ ಎಂದು ನೋಡಲು ರಿಸರ್ವ್ ಬ್ಯಾಂಕಿನ ವೆಬ್‌ಸೈಟಿನಲ್ಲಿ ಡಿಜಿಟಲ್ ಸಾಲದ ಆ್ಯಪ್‌ಗಳ ಪಟ್ಟಿ ಇದೆ. ಪಟ್ಟಿಯಲ್ಲಿಲ್ಲದ್ದನ್ನು ರಿಸರ್ವ್ ಬ್ಯಾಂಕಿನ ಸಚೇತ್ ಪೋರ್ಟಲಿಗೆ ವರದಿ ಮಾಡಿ.

ತಂಗಿ ಊಟ-ನಿದ್ದೆ ಬಿಟ್ಟು ಕೂತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ಗೆ, 14416ಕ್ಕೆ, ಕರೆ ಮಾಡಿಸಿ. ದಿನದ 24 ಗಂಟೆಯೂ ಕನ್ನಡದಲ್ಲಿ ಮಾತಾಡುವವರಿದ್ದಾರೆ.

ಮೈಕ್ರೋಫೈನಾನ್ಸ್ ಗುಂಪು ಸಾಲ, ಮೀಟರ್ ಬಡ್ಡಿ ಇವುಗಳಿಗೆ ಬೇರೆ ಕಾನೂನು ಇದೆಯೇ?

ಇದೆ, ಆದರೆ ಎರಡನ್ನೂ ಒಂದೇ ಚೀಲಕ್ಕೆ ಹಾಕಬೇಡಿ.

ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಸಂಸ್ಥೆಯ ಮೈಕ್ರೋಫೈನಾನ್ಸ್ ಸಾಲಕ್ಕೆ 2022ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕ್ ತಂದ ನಿಯಮಗಳ ಮಾತು ನಡೆಯುತ್ತದೆ. ಸಾಲಗಾರರ ನೆಂಟರು, ಸ್ನೇಹಿತರು, ಜೊತೆ ಕೆಲಸದವರಿಗೆ ಕಿರುಕುಳ ಕೊಡುವಂತಿಲ್ಲ, ಹೆಸರು ಬಹಿರಂಗಪಡಿಸುವಂತಿಲ್ಲ. ಕಂತು ವಸೂಲಿ ಇಬ್ಬರೂ ಒಪ್ಪಿದ ಜಾಗದಲ್ಲಿ ಆಗಬೇಕು. ಸತತವಾಗಿ ಎರಡು ಅಥವಾ ಹೆಚ್ಚು ಸಲ ಅಲ್ಲಿಗೆ ಬಾರದಿದ್ದರೆ ಮಾತ್ರ ಮನೆಗೋ ಕೆಲಸದ ಜಾಗಕ್ಕೋ ಬರಬಹುದು. ಒಂದೇ ಕಂತು ತಪ್ಪಿದ್ದಕ್ಕೆ ಮನೆ ಮುಂದೆ ರಾತ್ರಿಯವರೆಗೆ ಕೂರುವುದು ನೇರ ಉಲ್ಲಂಘನೆ.

ನೋಂದಣಿಯಿಲ್ಲದ ಸಂಸ್ಥೆಗಳು, ಕೈಸಾಲ-ಮೀಟರ್ ಬಡ್ಡಿಯವರಿಗೆ ಕರ್ನಾಟಕ ಸರ್ಕಾರದ 2025ರ ಕಾಯ್ದೆ. ಕಿರು ಸಾಲ, ಸಣ್ಣ ಸಾಲಗಳಲ್ಲಿ ಬಲವಂತದ ವಸೂಲಿಯನ್ನು ತಡೆಯಲು 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯಾಗಿ ಬಂದು ಆಮೇಲೆ ಕಾಯ್ದೆಯಾಯಿತು. ಸಾಲಗಾರರನ್ನಷ್ಟೇ ಅಲ್ಲ, ಅವರ ಮನೆಯವರನ್ನು ಅವಮಾನಿಸುವುದು, ಬೆದರಿಸುವುದು, ಹೋದಲ್ಲೆಲ್ಲ ಹಿಂಬಾಲಿಸುವುದು, ಮನೆ ಹತ್ತಿರ ಸುಳಿದಾಡುವುದು ಇವೆಲ್ಲ ಅದರಲ್ಲಿ "ಬಲವಂತದ ಕ್ರಮ". ಶಿಕ್ಷೆ 6 ತಿಂಗಳಿಂದ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಪೊಲೀಸರು ದೂರು ನಿರಾಕರಿಸುವಂತಿಲ್ಲ. ಬ್ಯಾಂಕ್ ಮತ್ತು ನೋಂದಾಯಿತ ಎನ್‌ಬಿಎಫ್‌ಸಿಗಳು ಈ ಕಾಯ್ದೆಯ ಹೊರಗಿವೆ. ಕ್ರೆಡಿಟ್ ಕಾರ್ಡ್ ದೂರಿನಲ್ಲಿ ಇದನ್ನು ಬರೆದುಕೊಂಡು ಹೋಗಿ ವಾಪಸ್ ಬರುವವರಿದ್ದಾರೆ, ಅದಕ್ಕೇ ಎರಡು ಸಲ ಹೇಳಬೇಕಾಗಿದೆ.

ವಾಟ್ಸ್‌ಆ್ಯಪಿನಲ್ಲಿ "ಕೋರ್ಟ್ ವಾರಂಟ್" ಬಂದಿದೆ, ತಾಯಿಯ ಹೆಸರೂ ಇದೆ.

ಕೇಸ್ ನಂಬರ್ ನೋಡಿ. ಅದನ್ನು ಇ-ಕೋರ್ಟ್ಸ್ ಜಾಲತಾಣದಲ್ಲಿ ಹಾಕಿ ಹುಡುಕಿ. ನಂಬರೇ ಇಲ್ಲದಿದ್ದರೆ, ಅಶೋಕ ಸ್ತಂಭದ ಚಿತ್ರದ ಕೆಳಗೆ ಏಜೆಂಟನ ಮೊಬೈಲ್ ನಂಬರ್ ಇದ್ದರೆ ಅದು ಮನೆಯಲ್ಲೇ ಮಾಡಿದ ಪಿಡಿಎಫ್. ಲೋಕ ಅದಾಲತ್ ನೋಟಿಸ್ ನಿಜವಿದ್ದರೂ ಅದು ರಾಜಿಗೆ ಕರೆ, ಹೋಗದಿದ್ದರೆ ಅರೆಸ್ಟ್ ಮಾಡುವುದಿಲ್ಲ. ಕಂತು ಕಟ್ಟದಿರುವುದೊಂದೇ ಅಪರಾಧವಲ್ಲ. ಆದರೆ ಕೋರ್ಟಿನಿಂದ ಅಂಚೆಯಲ್ಲೋ ಅಮೀನರ ಕೈಯಲ್ಲೋ ನಿಜವಾದ ಸಮನ್ಸ್ ಬಂದರೆ, ಚೆಕ್ ಬೌನ್ಸ್ ನೋಟಿಸ್ ಬಂದರೆ ಅಸಡ್ಡೆ ಮಾಡಬೇಡಿ. ಚೆಕ್ ಬೌನ್ಸ್ ನೋಟಿಸಿಗೆ ಸಿಗುವ ಗಡುವು ಕೈಗೆ ಬಂದ ದಿನದಿಂದ 15 ದಿನ ಮಾತ್ರ.

ಆಫೀಸಿಗೆ, ಎಚ್‌ಆರ್‌ಗೆ ಫೋನ್ ಮಾಡುತ್ತಿದ್ದಾರೆ.

ಎಚ್‌ಆರ್‌ಗೆ ನೀವೇ ಮೊದಲು ಎರಡು ಸಾಲಿನ ಇ-ಮೇಲ್ ಕಳಿಸಿ, ಸಾಲ ನಿಮ್ಮದಲ್ಲ ಎಂದೂ, ಬಂದ ಕರೆಯ ನಂಬರ್-ಸಮಯ ನಿಮಗೆ ಕಳಿಸಬೇಕೆಂದೂ. ಹಾಗೆ ಅವರು ಕಳಿಸುವ ಇ-ಮೇಲ್ ದೂರಿಗೆ ಹೊರಗಿನವರ ಸಾಕ್ಷ್ಯವಾಗುತ್ತದೆ.

ಗ್ರಾಹಕ ಆಯೋಗಕ್ಕೆ ಹೋಗಬಹುದೇ?

ಸಾಲಗಾರರು ಹೋಗಬಹುದು. ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ, ಎರಡು ವರ್ಷದೊಳಗೆ, ಇ-ಜಾಗೃತಿ ಪೋರ್ಟಲಿನಲ್ಲಿ ಹಾಕಬಹುದು. ಮಾಹಿತಿಗೆ 1915. ಪರಿಹಾರದ ಹಣ ಬೇಕೆಂದರೆ ಇದು ಸರಿಯಾದ ಜಾಗ, ನಾಳೆಯಿಂದ ಫೋನ್ ನಿಲ್ಲಬೇಕೆಂದರೆ ಅಲ್ಲ.

ಕಾಟ ತಪ್ಪಲಿ, ನಾವೇ ಕಟ್ಟಿಬಿಡುತ್ತೇವೆ ಎಂದರೆ?

ಅದು ನಿಮ್ಮ ಇಷ್ಟ. ಆದರೆ ಏಜೆಂಟನ ಸ್ವಂತ ಯುಪಿಐಗೆ, ಕೈಯಲ್ಲಿ ನಗದಾಗಿ ಕೊಡಬೇಡಿ. ಸಾಲಗಾರರ ಖಾತೆಗೆ ಹಾಕಿ, ಅಲ್ಲಿಂದ ಬ್ಯಾಂಕಿನ ಅಧಿಕೃತ ಲಿಂಕ್ ಅಥವಾ ಸಾಲದ ಖಾತೆಗೆ ಹೋಗಲಿ. ಸೆಟಲ್‌ಮೆಂಟ್ ಆದರೆ ಮೊದಲು ಬ್ಯಾಂಕಿನ ಇ-ಮೇಲ್ ವಿಳಾಸದಿಂದ ಪತ್ರ ಬರಬೇಕು, ಅದರಲ್ಲಿ ಖಾತೆ ಸಂಖ್ಯೆ, ಒಪ್ಪಿದ ಮೊತ್ತ, ಕೊನೆಯ ದಿನ, "ಇದರಿಂದ ಬಾಕಿ ಪೂರ್ತಿ ತೀರುತ್ತದೆ" ಎಂಬ ಮಾತು ನಾಲ್ಕೂ ಇರಬೇಕು. ಫೋನಿನಲ್ಲಿ 40 ಸಾವಿರಕ್ಕೆ ಮುಗಿಸುತ್ತೇನೆ ಎಂದವನು ಹಣ ಬಿದ್ದ ಮೇಲೆ ಸಿಗುವುದಿಲ್ಲ, ಆ 40 ಸಾವಿರ ಬಡ್ಡಿಗೆ ಜಮಾ ಆಗಿರುತ್ತದೆ. ಸೆಟಲ್‌ಮೆಂಟ್ ಮಾಡಿಕೊಂಡರೆ ಸಾಲಗಾರರ ಕ್ರೆಡಿಟ್ ವರದಿಯಲ್ಲಿ "ಕ್ಲೋಸ್ಡ್" ಬದಲು "ಸೆಟಲ್ಡ್" ಎಂದು ಬರುತ್ತದೆ ಎಂಬುದೂ ಗೊತ್ತಿರಲಿ.

"ನೀವು ಗ್ಯಾರಂಟಿ ಅಂತ ಒಂದು ಸಹಿ ಹಾಕಿ, ಟೈಮ್ ಕೊಡ್ತೀವಿ" ಎಂದು ಕಾಗದ ಚಾಚಿದರೆ ಮಾತ್ರ ಪೆನ್ನು ಮುಟ್ಟಬೇಡಿ. ಅಲ್ಲಿಯವರೆಗೆ ನಿಮ್ಮದಲ್ಲದ ಸಾಲ ಆ ಸಹಿಯಿಂದ ನಿಮ್ಮದಾಗುತ್ತದೆ. ಸಹಿ ಹಾಕದೆ ಹಣ ಕಟ್ಟಿದವರು ರಸೀದಿ ಮತ್ತು ನೋ ಡ್ಯೂ ಪ್ರಮಾಣಪತ್ರವನ್ನು ಸಾಲಗಾರರ ಹೆಸರಿನಲ್ಲೇ ಪಡೆದು, ಒಂದೆರಡು ತಿಂಗಳ ನಂತರ ಕ್ರೆಡಿಟ್ ವರದಿ ತೆಗೆಸಿ ಬಾಕಿ ಸೊನ್ನೆ ತೋರಿಸುತ್ತಿದೆಯೇ ನೋಡಿ. ತೋರಿಸದಿದ್ದರೆ ಆ ಪ್ರಮಾಣಪತ್ರ ಲಗತ್ತಿಸಿ ಅದೇ ಕುಂದುಕೊರತೆ ಅಧಿಕಾರಿಗೆ ಮತ್ತೆ ಬರೆಯಿರಿ.